ಈ ಸೆಕೆಯಲ್ಲಿ ಉಲ್ಲನ್ ಎಂತಕ್ಕೆ ಅಂತ ಕೇಳುವವರಿಗೆ

ಮದುವೆ ಊಟದ ಪಂಕ್ತಿಯಲ್ಲಿ ಕೇಳ್ತಾರೆ, ಬಸ್ಸಲ್ಲಿ ಚೀಲದಿಂದ ಕಡ್ಡಿ ಹೊರಗೆ ತೆಗೆದ್ರೆ ಪಕ್ಕದ ಸೀಟಿನವರು ಕೇಳ್ತಾರೆ, ಪಾರ್ಸೆಲ್ ತಗೊಂಡು ಹೋಗ್ಲಿಕ್ಕೆ ಬರುವ ಹುಡುಗ ಕೂಡ ಕೇಳಿದ್ದಾನೆ. "ಅಲ್ಲ ಅಕ್ಕ, ನಮ್ಮ ಈ ಸೆಕೆಗೆ ಉಲ್ಲನ್ ಎಂತಕ್ಕೆ?" ಕೇಳುವಾಗ ಶರ್ಟಿನ ಕಾಲರ್ ಹಿಡಿದು ಗಾಳಿ ಹಾಕ್ಕೊಳ್ತಾರೆ, ನನ್ನ ಕೆಲಸ ನೋಡಿಯೇ ಅವರಿಗೆ ಬೆವರು ಬಂತು ಅನ್ನುವ ಹಾಗೆ. ನಾನು ಉತ್ತರ ಶುರು ಮಾಡಿ ಎರಡು ಮಾತು ಆಗುವಷ್ಟರಲ್ಲಿ "ನೀವು ಶಿಮ್ಲಾ ಕಡೆ ಹೋದ್ರೆ ಒಳ್ಳೆ ಬಿಸಿನೆಸ್ ಆಗ್ತದೆ ನೋಡಿ" ಅಂತ ಸಲಹೆ ಬೇರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಯ್ತು, ಅದಕ್ಕೆ ಇಲ್ಲಿ ಬರೆದು ಇಡ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ನಾನು ಮಾಡುವುದು ಗೊಂಬೆ. ಉಡುಪಿಯ ನಮ್ಮ ಮನೆಯಲ್ಲಿ ಕೂತು ನಿಟ್ಟಿಂಗ್ ಮಾಡಿದ, ಫೆಲ್ಟ್ ಮಾಡಿದ (ಅಂದ್ರೆ ಉಣ್ಣೆಯನ್ನು ಉಜ್ಜಿ ಒತ್ತೊತ್ತಾಗಿ ಮಾಡಿದ) ಗೊಂಬೆಗಳು, ಮತ್ತೆ ಬೇಸಿಗೆಗೆ ಅಂತ ಮನೆಯಲ್ಲಿ ತೂಗುಹಾಕುವ ಸಾಮಾನು. ಬಂಗುಡೆ, ಏಡಿ, ಮಿಂಚುಳ್ಳಿ, ಗೇರುಹಣ್ಣು, ಮಾವಿನೆಲೆಯ ತೋರಣ. ಸ್ವೆಟರ್ ಇಲ್ಲ, ಶಾಲು ಇಲ್ಲ, ಮೈಮೇಲೆ ಹಾಕುವಂಥದ್ದು ಒಂದೂ ಇಲ್ಲ. ಅದನ್ನು ಮೊದಲು ತಲೆಯಿಂದ ತೆಗೀರಿ.

ಈಗ ಉತ್ತರ. ಉಣ್ಣೆಯಲ್ಲಿ ಗೊಂಬೆ ಮಾಡ್ಲಿಕ್ಕೆ ನಮ್ಮ ಕರಾವಳಿಯಲ್ಲಿ ಸರಿಯಾದ ಕಾಲ ಅಂತ ಇದ್ರೆ ಅದು ಬೇಸಿಗೆ ಮಾತ್ರ. ಸೆಕೆ ಇದ್ದರೂ ಮಾಡ್ತೇನೆ ಅಂತ ಅಲ್ಲ, ಬಿಸಿಲು ಇರುವುದರಿಂದಲೇ ಮಾಡ್ತೇನೆ.

ಹೇಗೆ ಅಂತ ಹೇಳ್ತೇನೆ. ಉಣ್ಣೆಯ ಒಂದೊಂದು ಎಳೆಯ ಮೇಲೂ ಮೀನಿನ ಮೈಯ ಹಾಗೆ ಸಣ್ಣ ಸಣ್ಣ ಹುರುಪೆ ಇರ್ತದೆ, ಬರಿಗಣ್ಣಿಗೆ ಕಾಣುವುದಿಲ್ಲ. ಬಿಸಿನೀರು, ಸೋಪು ಹಾಕಿ ಉಜ್ಜಿದ್ರೆ ಆ ಹುರುಪೆಗಳು ಎದ್ದು ಒಂದು ಎಳೆ ಇನ್ನೊಂದಕ್ಕೆ ಸಿಕ್ಕಿಹಾಕಿಕೊಳ್ತದೆ, ಉಜ್ಜಿದಷ್ಟೂ ಒತ್ತೊತ್ತಾಗಿ ಕುಗ್ತದೆ, ಮತ್ತೆ ಬಿಡಿಸ್ಲಿಕ್ಕೆ ಯಾರಿಂದಲೂ ಆಗುವುದಿಲ್ಲ. ಇದೇ ಫೆಲ್ಟ್. ಹತ್ತಿಯ ಎಳೆಗೆ ಹುರುಪೆ ಇಲ್ಲ, ಅಕ್ರಿಲಿಕ್ಕಿಗೂ ಇಲ್ಲ, ಹಾಗಾಗಿ ಅವು ಎಷ್ಟು ಉಜ್ಜಿದರೂ ಫೆಲ್ಟ್ ಆಗುವುದಿಲ್ಲ. ನಮ್ಮ ಪೇಟೆಯ ಅಂಗಡಿಗಳಲ್ಲಿ ಉಲ್ಲನ್ ಅಂತ ಕೊಡುವ ಬಣ್ಣಬಣ್ಣದ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್, ಡೌಟ್ ಇದ್ರೆ ಒಂದು ತುಂಡು ದಾರ ಸುಟ್ಟು ನೋಡಿ, ಉಣ್ಣೆಯಾದ್ರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿ ಆಗ್ತದೆ, ಅಕ್ರಿಲಿಕ್ ಆದ್ರೆ ಕರಗಿ ಗಟ್ಟಿ ಮಣಿಯ ಹಾಗೆ ಕೂರ್ತದೆ. ಮೆಷಿನ್ನಲ್ಲಿ ಒಗೆಯಬಹುದು ಅಂತ ಬರೆದ ಸೂಪರ್‌ವಾಶ್ ಉಣ್ಣೆಯೂ ನನ್ನ ಕೆಲಸಕ್ಕೆ ಬರುವುದಿಲ್ಲ, ಅದರ ಹುರುಪೆಯನ್ನು ಫ್ಯಾಕ್ಟರಿಯಲ್ಲೇ ಕೆಮಿಕಲ್ ಹಾಕಿ ಮಟ್ಟ ಮಾಡಿರ್ತಾರೆ.

ಒಂದು ಬಂಗುಡೆ ಮಾಡಬೇಕಾದ್ರೆ ಮೊದಲು ದಪ್ಪ ಕಡ್ಡಿಯಲ್ಲಿ ಸಡಿಲವಾಗಿ, ಬೇಕಾದ್ದಕ್ಕಿಂತ ತುಂಬಾ ದೊಡ್ಡದಾಗಿ ಹೆಣೆಯಬೇಕು. ನಿಟ್ಟಿಂಗ್ ಬಟ್ಟೆ ಕುಗ್ಗುವಾಗ ಅಗಲಕ್ಕಿಂತ ಉದ್ದಕ್ಕೆ ಜಾಸ್ತಿ ಕುಗ್ತದೆ, ಹಾಗಾಗಿ ಡಿಸೈನ್ ಬರೆಯುವಾಗಲೇ ಮೀನನ್ನು ಎಳೆದು ಉದ್ದ ಮಾಡಿ ಬರೀಬೇಕು. ಆ ಹಂತದಲ್ಲಿ ನೋಡಿದವರಿಗೆ ಅದು ಯಾರದ್ದೋ ಉದ್ದ ಕಾಲುಚೀಲ. ಬಿಸಿನೀರಿನಿಂದ ಎದ್ದು ಬಂದ ಮೇಲೆ ಸೊಂಟ ಸಣ್ಣ ಆಗಿ, ಹೊಟ್ಟೆ ತುಂಬಿ, ಹೆಣಿಗೆಯ ಕಣ್ಣುಗಳೆಲ್ಲ ಮುಚ್ಚಿ ಮೀನು ಆಗಿರ್ತದೆ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಖುಷಿ ಕೊಡುವ ಹೊತ್ತು ಅದು.

ಆಮೇಲೆ ಅದು ಒಣಗಬೇಕು. ಎಲ್ಲ ಇರುವುದು ಇಲ್ಲಿ. ಉಣ್ಣೆ ತನ್ನ ತೂಕದ ಮೂರರಲ್ಲಿ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆ ಅಂತ ಗೊತ್ತಾಗುವುದಿಲ್ಲ. ಜೂನ್, ಜುಲೈಯಲ್ಲಿ ನಮ್ಮಲ್ಲಿ ಹೊರಗೆ ಹಾಕಿದ ಲುಂಗಿಯೇ ಒಣಗುವುದಿಲ್ಲ, ಇನ್ನು ಬೆರಳು ದಪ್ಪದ ಫೆಲ್ಟ್ ಎಲ್ಲಿ ಒಣಗ್ತದೆ? ಮೇಲೆ ಒಣಗಿದೆ ಅಂತ ತುಂಬಿಸಿ ಹೊಲಿದ್ರೆ ಒಳಗಿಂದ ಬೂಸ್ಟು ವಾಸನೆ ಶುರು. ಅದೇ ಮಾರ್ಚ್, ಏಪ್ರಿಲಲ್ಲಿ ಅಂಗಳದ ಒಂದು ಚಾಪೆಯಲ್ಲಿ ಅತ್ತೆಯ ಹಲಸಿನ ಹಪ್ಪಳ, ಪಕ್ಕದ ಚಾಪೆಯಲ್ಲಿ ನನ್ನ ಮೀನುಗಳು. ಬಣ್ಣ ಮಾಸಬಾರದು ಅಂತ ಮೇಲೆ ತೆಳ್ಳಗಿನ ಪಂಚೆ ಹಾಸ್ತೇನೆ. ಪಂಚೆಯ ಅಡಿಯಿಂದ ಕಾಗೆ ಒಂದು ಬಂಗುಡೆ ಎಳೆದುಕೊಂಡು ಹೋಗಿ ತೆಂಗಿನ ಮರದ ಮೇಲೆ ಕೂತು ಅದನ್ನು ಕುಕ್ಕಿ ಕುಕ್ಕಿ ನೋಡಿದ್ದುಂಟು. ಅತ್ತೆ ಹಪ್ಪಳ ಉಳಿಯಿತಲ್ಲ ಅಂತ ಸಮಾಧಾನದಲ್ಲಿದ್ರು, ನನಗೆ ಮಾತ್ರ ಕಾಗೆ ಮೀನು ಅಂತ ನಂಬಿತಲ್ಲ ಅಂತ ದಿನವಿಡೀ ಖುಷಿ.

ಇನ್ನು "ಉಣ್ಣೆ ಅಂದ್ರೆ ಚಳಿ ದೇಶದ್ದು" ಅನ್ನುವವರಿಗೆ ಒಂದು ಮಾತು. ಚಳ್ಳಕೆರೆಯ ಬಿಸಿಲು ನೋಡಿದ್ದೀರಾ? ಕಂಬಳಿಗೆ ಹೆಸರಾದ ಊರು ಅದು. ನಮ್ಮ ಕರ್ನಾಟಕದ ಬಯಲುಸೀಮೆಯ ಡೆಕ್ಕನಿ ಕುರಿಯ ಉಣ್ಣೆಯಲ್ಲಿ ಕುರುಬರು ಎಷ್ಟೋ ತಲೆಮಾರಿನಿಂದ ಕಂಬಳಿ ನೇಯ್ತಾ ಬಂದಿದ್ದಾರೆ, ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವ ಹಾಸಿನ ನೂಲು ಗಟ್ಟಿ ಆಗ್ಲಿಕ್ಕೆ ಹುಣಸೆಬೀಜದ ಗಂಜಿ ಹಾಕ್ತಾರೆ. ಘಟ್ಟದ ಮೇಲೆ ಮಲೆನಾಡಲ್ಲಿ ಮಳೆಗೆ ಗದ್ದೆ ಕೆಲಸ ಮಾಡುವವರು ತಲೆ ಮೇಲೆ ಹಾಕಿಕೊಳ್ತಿದ್ದದ್ದು ಕಂಬಳಿ ಕೊಪ್ಪೆ. ಉಣ್ಣೆ ನಮಗೆ ಹೊರಗಿನದ್ದು ಅಲ್ಲವೇ ಅಲ್ಲ. ಡೆಕ್ಕನಿ ಉಣ್ಣೆ ಒರಟು, ಮಗುವಿನ ಕೆನ್ನೆಗೆ ತಾಗಿದ್ರೆ ಚುಚ್ತದೆ, ಹಾಗಾಗಿ ನಾನು ಅದನ್ನು ಗೊಂಬೆಯ ಒಳಗಿನ ತಿರುಳಿಗೆ ಹಾಕಿ ಮೇಲಿನ ಮೈಗೆ ಮಾತ್ರ ಮೆರಿನೊ ಕುರಿಯ ಮೆತ್ತಗಿನ ಉಣ್ಣೆ ಬಳಸ್ತೇನೆ. ಕೈಬೆವರು ತಾಗುವ ಸಾಮಾನು, ಅಂದ್ರೆ ಕುಶನ್, ಗ್ಲಾಸ್ ಇಡುವ ಮ್ಯಾಟ್, ಬಾಗಿಲ ತೋರಣ, ಇವೆಲ್ಲ ಹತ್ತಿ ದಾರದಲ್ಲಿ ಕ್ರೋಶಾ, ಅಂದ್ರೆ ಕೊಕ್ಕೆ ಕಡ್ಡಿಯಲ್ಲಿ ಹೆಣೆದದ್ದು. ಯಾವುದಕ್ಕೆ ಯಾವುದು ಅಂತ ಯೋಚನೆ ಮಾಡಿಯೇ ಮಾಡುವುದು.

ಮತ್ತೆ ಫೆಲ್ಟ್ ಗೊಂಬೆ ಅನ್ನುವುದು ಚಳಿ ತಡೆಯುವ ಉದ್ದೇಶದಿಂದ ಹುಟ್ಟಿದ್ದೂ ಅಲ್ಲ. 1880ರಲ್ಲಿ ಜರ್ಮನಿಯ ಗೀಂಗೆನ್ ಅನ್ನುವ ಊರಲ್ಲಿ ಮಾರ್ಗರೆಟ್ ಸ್ಟೈಫ್ ಅಂತ ಹೊಲಿಗೆಯವರು ಫೆಲ್ಟಲ್ಲಿ ಸಣ್ಣ ಆನೆ ಮಾಡಿದ್ರು, ಮಾಡಿದ್ದು ಗುಂಡುಸೂಜಿ ಚುಚ್ಚಿಡ್ಲಿಕ್ಕೆ, ಮಕ್ಕಳು ಅದನ್ನು ಎತ್ತಿಕೊಂಡು ಆಡ್ಲಿಕ್ಕೆ ಶುರು ಮಾಡಿದ್ರು. ಸಣ್ಣದಿರುವಾಗಲೇ ಪೋಲಿಯೊ ಆಗಿ ಗಾಲಿಕುರ್ಚಿಯಲ್ಲಿದ್ದ ಹೆಂಗಸು ಅವರು. ಫೆಲ್ಟ್ ಎಲ್ಲಿ ಕತ್ತರಿಸಿದರೂ ಅಂಚಿನ ನೂಲು ಬಿಚ್ಚುವುದಿಲ್ಲ, ಮಡಚಿ ಹೊಲಿಯಬೇಕಂತಿಲ್ಲ, ಆನೆಯ ಕಿವಿ, ಏಡಿಯ ಕೊಂಬು ಹೇಗೆ ಬೇಕೋ ಹಾಗೆ ನಿಲ್ತದೆ. ನನಗೆ ಬೇಕಾದದ್ದು ಆ ಗುಣ. ಬೆಚ್ಚಗೆ ಇರುವ ಗುಣ ಅದರ ಜೊತೆಗೆ ಬಂತು, ಅದನ್ನು ನಾನು ಕೇಳಿರಲಿಲ್ಲ.

ಇಷ್ಟು ಹೇಳ್ಲಿಕ್ಕೆ ಒಬ್ಬರಾದರೂ ನಿಂತು ಕೇಳಿದ್ದುಂಟಾ? ಮಂಗಳೂರಲ್ಲಿ ಒಂದು ಬೇಸಿಗೆ ರಜೆಯ ಮೇಳದಲ್ಲಿ ಸ್ಟಾಲ್ ಹಾಕಿದ್ದೆ. ಸಂಜೆ ಜನ ತುಂಬಿದ್ದ ಹೊತ್ತು, ಒಬ್ಬರು ಬಂದು ಮೇಲೆ ತೂಗುಹಾಕಿದ್ದ ಬಂಗುಡೆಯನ್ನು ಎಳೆದು ಕೈಯಲ್ಲಿ ಹಿಸುಕಿ ಎಲ್ಲರಿಗೂ ಕೇಳುವ ಹಾಗೆ "ಎಂತ ಮೇಡಂ, ಮೀನಿಗೂ ಸ್ವೆಟರಾ?" ಅಂದ್ರು. ಸುತ್ತ ಇದ್ದವರೆಲ್ಲ ನಕ್ಕರು. ನಾನು ಫೆಲ್ಟ್ ಅಂದ್ರೆ ಹೀಗೆ ಅಂತ ಬಾಯಿ ತೆಗೆಯುವಷ್ಟರಲ್ಲಿ ಅವರು ಐಸ್‌ಕ್ರೀಮ್ ಸ್ಟಾಲಿಗೆ ತಲುಪಿ ಆಗಿತ್ತು. ನಕ್ಕದ್ದಕ್ಕೆ ನನಗೆ ಬೇಜಾರಿಲ್ಲ. ಕೈಯಲ್ಲಿ ಹಿಡಿದದ್ದು ಬಂಗುಡೆ ಅಂತ ಆ ಮನುಷ್ಯ ನೋಡಲೇ ಇಲ್ಲ, ವಾರಕ್ಕೆ ನಾಲ್ಕು ದಿನ ಬಂಗುಡೆ ತಿನ್ನುವ ಊರಲ್ಲಿ, ಅದಕ್ಕೆ ಈಗಲೂ ಸಿಟ್ಟು ಬರ್ತದೆ.

ನೆಟ್ಟಲ್ಲಿ ಬಂಗುಡೆಗೆ ಇಂಗ್ಲಿಷಲ್ಲಿ ಹೇಳುವ ಹಾಗೆ ಮ್ಯಾಕೆರೆಲ್ ಅಂತ ಹುಡುಕಿದ್ರೆ ಬರುವ ಪ್ಯಾಟರ್ನ್‌ಗಳು ಹೆಚ್ಚಿನವು ಅಟ್ಲಾಂಟಿಕ್ ಸಮುದ್ರದ ಮೀನಿನದ್ದು, ಬೆನ್ನಿನ ಮೇಲೆ ಅಡ್ಡಡ್ಡ ಅಲೆಯಲೆ ಪಟ್ಟೆ ಇರ್ತದೆ. ನಮ್ಮ ಬಂಗುಡೆಗೆ ಹಾಗಿಲ್ಲ. ಬೆನ್ನಿನಲ್ಲಿ ತಲೆಯಿಂದ ಬಾಲದ ಕಡೆಗೆ ಉದ್ದುದ್ದ ಸಪೂರ ಗೆರೆಗಳು, ಎದೆಯ ಹತ್ತಿರದ ರೆಕ್ಕೆಯ ಕೆಳಗೆ ಒಂದು ಕಪ್ಪು ಚುಕ್ಕೆ. ಆ ಗೆರೆಗಳನ್ನು ನಾನು ಫೆಲ್ಟಿಂಗ್ ಸೂಜಿಯಲ್ಲಿ ಹಾಕ್ತೇನೆ, ಆ ಸೂಜಿಯ ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚುಗಳಿರ್ತವೆ, ಚುಚ್ಚಿದಾಗ ಬಣ್ಣದ ಎಳೆಯನ್ನು ಒಳಗೆ ಎಳೆದು ಕೂರಿಸ್ತದೆ. ಕಡು ಹಸಿರಿಗೆ ಸ್ವಲ್ಪ ನೀಲಿ ಬೆರೆಸಿ ಕೂದಲೆಳೆಯಷ್ಟು ತೆಳ್ಳಗೆ ಹಾಸಿ ಚುಚ್ತಾ ಹೋಗಬೇಕು, ಜಾಸ್ತಿ ಆದ್ರೆ ಮೀನು ಪಟ್ಟೆ ಪೈಜಾಮ ಹಾಕಿದ ಹಾಗೆ ಕಾಣ್ತದೆ.

ಇದನ್ನು ಗುರುತು ಹಿಡಿದವರು ನಮ್ಮ ಓಣಿಗೆ ಬೆಳಿಗ್ಗೆ ಮೀನು ತರುವ ಅಕ್ಕ. ಚಾವಡಿಯಲ್ಲಿ ಒಣಗಿದ ಬಂಗುಡೆ ತೂಗುಹಾಕಿದ್ದೆ, ಅವರು ಬುಟ್ಟಿ ಇಳಿಸಿ ಅದನ್ನು ಕೈಗೆ ತಗೊಂಡು, ನಿಜವಾದ ಮೀನು ನೋಡುವ ಹಾಗೆಯೇ ಹೊಟ್ಟೆ ಒತ್ತಿದ್ರು, ತಿರುಗಿಸಿ ಕಿವಿರು ಇರುವ ಜಾಗ ನೋಡಿದ್ರು, ಚುಕ್ಕೆ ಮೇಲೆ ಹೆಬ್ಬೆರಳು ಇಟ್ರು. "ಉಂದು ನಮ್ಮ ಬಂಗುಡೆಯೇ", ಇದು ನಮ್ಮ ಬಂಗುಡೆಯೇ ಅಂತ ತುಳುವಲ್ಲಿ ಹೇಳಿ, ಆಮೇಲೆ ನನ್ನ ಮುಖ ನೋಡಿ ಕೇಳಿದ್ರು, "ಅಕ್ಕಾ, ಕಣ್ಣು ಮಾತ್ರ ಮಗುವಿನದ್ದು ಯಾಕೆ ಇಟ್ಟದ್ದು?"

ಸೆಕೆಯ ಮಾತೇ ಇಲ್ಲ. ನನಗೆ ಇಷ್ಟು ಸಮಯದಲ್ಲಿ ಯಾರಾದ್ರೂ ಕೇಳಬೇಕಿತ್ತು ಅಂತ ಇದ್ದ ಪ್ರಶ್ನೆ ಇದು.

ಯಾಕೆ ಅಂದ್ರೆ, ನಿಜವಾದ ಬಂಗುಡೆಯ ಕಣ್ಣು ತಲೆಯಲ್ಲಿ ಸ್ವಲ್ಪ ಮೇಲೆ ಇರ್ತದೆ, ತಾಜಾ ಇದ್ರೆ ಉಬ್ಬಿಕೊಂಡು ಹೊಳೀತದೆ, ಹಳೆಯದಾದ್ರೆ ಒಳಗೆ ಹೋಗಿ ಮಂಜು ಮಂಜು. ಅದನ್ನು ಹಾಗೇ ಇಟ್ರೆ ಗೊಂಬೆ ಮಾರ್ಕೆಟ್ಟಿನ ಮೀನು ಆಗ್ತದೆ, ಮಗು ಅದನ್ನು ಪಕ್ಕದಲ್ಲಿ ಇಟ್ಟು ಮಲಗುವುದಿಲ್ಲ. ಕೊನ್ರಾಡ್ ಲೊರೆನ್ಜ್ ಅನ್ನುವ ವಿಜ್ಞಾನಿ 1943ರಲ್ಲೇ ಬರೆದಿದ್ದಾರೆ, ದೊಡ್ಡ ತಲೆ, ದೊಡ್ಡ ಕಣ್ಣು, ಆ ಕಣ್ಣು ಮುಖದಲ್ಲಿ ಕೆಳಗೆ ಇರುವುದು, ಇದನ್ನು ನೋಡಿದ್ರೆ ನಮಗೆ ಮಗುವನ್ನು ನೋಡಿದಾಗಿನ ಅಕ್ಕರೆ ಹುಟ್ತದೆ ಅಂತ. ನಾನು ಕಣ್ಣನ್ನು ಹೊಲಿಯುವ ಮೊದಲು ಕಪ್ಪು ತಲೆಯ ಗುಂಡುಸೂಜಿ ಚುಚ್ಚಿ ಫೋನಲ್ಲಿ ಫೋಟೋ ತೆಗೀತೇನೆ, ಒಂದು ಹೆಣಿಗೆಯಷ್ಟು ಕೆಳಗೆ ಸರಿಸಿ ಇನ್ನೊಂದು ಫೋಟೋ, ಅಷ್ಟರಲ್ಲೇ ಸಿಟ್ಟಿನ ಮೀನು ಬೆರಗಾದ ಮೀನು ಆಗಿರ್ತದೆ. ಏಡಿಗೆ ಎರಡು ಕಣ್ಣಿನ ಕಡ್ಡಿ ದೂರ ದೂರ ಇಟ್ರೆ ದಾರಿ ತಪ್ಪಿದವರ ಹಾಗೆ ಕಾಣ್ತದೆ, ಹತ್ತಿರ ತಂದ್ರೆ ಏನೋ ಕದಿಯುವ ಪ್ಲಾನ್ ಹಾಕುವ ಹಾಗೆ. ಇದರಲ್ಲಿ ಒಂದು ಇಡೀ ಮಧ್ಯಾಹ್ನ ಕಳೀತೇನೆ, ನನ್ನ ಕೆಲಸ ಅಂದ್ರೆ ನಿಜವಾಗಿ ಇದು. ಮೂರು ವರ್ಷಕ್ಕಿಂತ ಸಣ್ಣ ಮಕ್ಕಳಿಗಾದ್ರೆ ಮಣಿ, ಬಟನ್ ಯಾವುದೂ ಇಲ್ಲ, ಕಿತ್ತು ಬಾಯಿಗೆ ಹಾಕ್ತಾರೆ, ದಾರದಲ್ಲೇ ಹೊಲಿದ ಕಣ್ಣು.

ಗೇರುಹಣ್ಣಿಗೆ ಕಣ್ಣು ಇಡುವುದಿಲ್ಲ. ತುಂಬಾ ಜನ ಕೇಳ್ತಾರೆ, ಕಣ್ಣು, ನಗು ಎಲ್ಲ ಇದ್ರೆ ಕ್ಯೂಟ್ ಅಂತ. ಹಣ್ಣಿನ ಹೊರಗೆ ಕೆಳಗಡೆ ಬೀಜ ನೇತಾಡುವುದೇ ಅದರ ತಮಾಷೆ, ಬೆಂಗಳೂರಿನಿಂದ ರಜೆಗೆ ಬಂದ ಮಕ್ಕಳು "ಬೀಜ ಯಾಕೆ ಹೊರಗೆ ಬಂತು" ಅಂತ ಅದನ್ನೇ ಹಿಡಿದು ಎಳೀತಾರೆ, ಅಷ್ಟು ಚಂದ ಇರುವಾಗ ಮೇಲಿಂದ ಮುಖ ಅಂಟಿಸಿದ್ರೆ ಎರಡೂ ಹಾಳು.

ಮನೆಗೆ ತಗೊಂಡು ಹೋದವರು ಮಳೆ ಶುರು ಆಗುವ ಮೊದಲು ಒಂದು ದಿನ ಬಿಸಿಲಿಗೆ ಹಾಕಿ, ಕೊಡವಿ, ಪೂರ್ತಿ ಒಣಗಿದ ಮೇಲೆ ಗಾಳಿಯಾಡದ ಡಬ್ಬದಲ್ಲಿ ಇಡಿ, ಉಣ್ಣೆಗೆ ನುಸಿಹುಳ ಬರ್ತದೆ. ಏಪ್ರಿಲ್ 14ರ ಹೊತ್ತಿಗೆ ಬರುವ ಬಿಸುವಿಗೆ, ಅಂದ್ರೆ ತುಳುನಾಡಿನ ಹೊಸ ವರ್ಷಕ್ಕೆ, ಹಣ್ಣು ತರಕಾರಿ ಜೋಡಿಸಿಡುವ ಕಣಿಯ ಪಕ್ಕದಲ್ಲಿ ಇಡ್ಲಿಕ್ಕೆ ಗೇರುಹಣ್ಣು, ಮಾವು ಬೇಕಿದ್ದವರು ಮಾರ್ಚ್ ಶುರುವಿಗೇ ಹೇಳಿ, ಜೂನ್ ಬಂದ ಮೇಲೆ ನಾನು ಹತ್ತಿಯ ಕ್ರೋಶಾ ಬಿಟ್ಟು ಬೇರೆ ಆರ್ಡರ್ ತಗೊಳ್ಳುವುದಿಲ್ಲ. ಬಂಗುಡೆ ಬೇಕಿದ್ದವರು ಮನೆಯಲ್ಲಿ ಅದನ್ನು ಇಟ್ಟುಕೊಳ್ಳುವುದು ಯಾರು, ಮಗುವಾ ದೊಡ್ಡವರಾ ಅಂತ ಮೊದಲೇ ತಿಳಿಸಿ, ಕಣ್ಣು ಎಲ್ಲಿ ಇಡಬೇಕು ಅಂತ ನನಗೆ ಗೊತ್ತಾಗಬೇಕಲ್ಲ.