“ಸಿಗುತ್ತದೆ” ಎಂದುಬಿಟ್ಟೆ

ಬೆಳಗಾವಿಯ ಒಂದು ಆಸ್ಪತ್ರೆಯ ಕೀಮೋ ಡೇ-ಕೇರ್‌ನಲ್ಲಿ ಹನ್ನೊಂದು ವರ್ಷದಿಂದ ಸಿಸ್ಟರ್ ಆಗಿದ್ದೇನೆ. ಮುಧೋಳದ ಕಡೆಯ ಆ ಹುಡುಗನನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅವನ ತಾಯಿಗೆ ಅಂಡಾಶಯದ ಕ್ಯಾನ್ಸರ್. ಕಾರ್ಬೋಪ್ಲಾಟಿನ್ ಕೀಮೋ ಮುಗಿದ ನಾಲ್ಕೇ ತಿಂಗಳಿಗೆ, ಕ್ಯಾನ್ಸರ್ ಮರಳಿತೇ ಎಂದು ನೋಡುವ ರಕ್ತಪರೀಕ್ಷೆಯ ಸಿಎ-125 ಮತ್ತೆ ಏರಿತ್ತು. ಅಂದು ಟ್ಯಾಪಿಂಗ್, ಹೊಟ್ಟೆಯಲ್ಲಿ ತುಂಬಿದ ನೀರು ತೆಗೆಯುವುದು. ಹದಿನಾಲ್ಕು ಬೆಡ್‌ಗಳಿಗೆ ನಾವಿಬ್ಬರೇ. ಔಷಧಿ ಹರಿಸುವ ಒಂದು ಪಂಪ್ ಕೂಗುತ್ತಲೇ ಇತ್ತು. ರೋಗಿಯದೇ ಟಿ-ಕೋಶಗಳನ್ನು, ಅಂದರೆ ರೋಗದೊಡನೆ ಹೋರಾಡುವ ರಕ್ತಕಣಗಳನ್ನು, ಹೊರತೆಗೆದು ಕ್ಯಾನ್ಸರ್ ಗುರುತಿಸುವಂತೆ ಮಾರ್ಪಡಿಸಿ ಮರಳಿ ಕೊಡುವ ಚಿಕಿತ್ಸೆಯೇ ಕಾರ್-ಟಿ. ಹುಡುಗ ಮೊಬೈಲ್ ತೋರಿಸಿ, “ಸಿಸ್ಟರ್, ಈ ಕಾರ್-ಟಿ ಮುಂಬೈಯಲ್ಲಿ ಸಿಗುತ್ತದೆಯೇ?” ಎಂದ. ಪಂಪಿನ ಗಾಳಿ ತೆಗೆಯುತ್ತಲೇ, “ಸಿಗುತ್ತದೆ, ನಲವತ್ತು ಲಕ್ಷದ ಆಸುಪಾಸು ಆಗುತ್ತದೆ” ಎಂದೆ. ಯಾವ ಕಾಯಿಲೆಗೆ ಎಂದು ಹೇಳಲಿಲ್ಲ.

ಹತ್ತು ದಿನ ಬಿಟ್ಟು ಬಂದವನು ಪ್ಲಾಸ್ಟಿಕ್ ಚೀಲದಿಂದ ಹೊಲದ ಉತಾರ (ಪಹಣಿ) ತೆಗೆದು ನನ್ನ ಟ್ರಾಲಿಯ ಮೇಲೆ ಬಿಡಿಸಿದ. ನಾಲ್ಕು ಎಕರೆ ಕಬ್ಬಿನ ಹೊಲ. “ನಾಳೆ ಹೊಲ ಮಾರಲು ಸಂಚಕಾರ ಹಿಡಿಯುತ್ತೇನೆ. ಮುಂಬೈಗೆ ಚೀಟಿ ಬರೆಸಿ ಕೊಡಿ.”

ನನ್ನ ಕೈ ತಣ್ಣಗಾಯಿತು. ಕಾರಿಡಾರಿನ ಸ್ಟೂಲಿನ ಮೇಲೆ ಅವನನ್ನು ಕೂರಿಸಿದೆ. ಐಐಟಿ ಬಾಂಬೆ ಮತ್ತು ಟಾಟಾ ಕ್ಯಾನ್ಸರ್ ಆಸ್ಪತ್ರೆಯವರ ಕಾರ್-ಟಿಗೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿದ್ದು ಬಿ-ಕೋಶ ಎಂಬ ಬಿಳಿ ರಕ್ತಕಣದ ರಕ್ತ ಕ್ಯಾನ್ಸರ್‌ಗೆ. ಅಲ್ಲಿ ಸಿಡಿ19 ಎಂಬ ಗುರುತು ಹಿಡಿದು ಹೊಡೆಯುತ್ತಾರೆ. ಒಳ್ಳೆಯ ಬಿ-ಕೋಶಗಳೂ ಸತ್ತರೆ ಮನುಷ್ಯ ತಾಳಿಕೊಳ್ಳಬಲ್ಲ. ಅಂಡಾಶಯದ ಗಡ್ಡೆಯ ಮೀಸೊಥೆಲಿನ್ ಎಂಬ ಗುರುತು ಹಾಗಲ್ಲ, ಅದು ಹೊಟ್ಟೆ, ಎದೆಗೂಡಿನ ಆರೋಗ್ಯವಂತ ಒಳಪದರದಲ್ಲೂ ಇರುತ್ತದೆ. ಒಳಹೊಕ್ಕ ಟಿ-ಕೋಶಗಳನ್ನು ಗಡ್ಡೆಯೇ ಸೊರಗಿಸುತ್ತದೆ. ಈ ಕಾಯಿಲೆಗೆ ಕಾರ್-ಟಿ ಇನ್ನೂ ಟ್ರಯಲ್‌ನಲ್ಲಿದೆ. ತೊದಲುತ್ತ ಇಷ್ಟು ಹೇಳಿದೆ. ಉಳಿದದ್ದನ್ನು ರೌಂಡ್ಸ್ ಮುಗಿಸಿ ಬಂದ ಡಾಕ್ಟರ್ ಹೇಳಿದರು.

ಅವನು ಉತಾರದ ಮಡಿಕೆಯನ್ನು ಹೆಬ್ಬೆರಳಿನಿಂದ ಸವರುತ್ತಲೇ ಇದ್ದ. “ಅಂದು ಸಿಗುತ್ತದೆ ಎಂದಿರಲ್ಲ, ಸಿಸ್ಟರ್?” ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪು ನನ್ನದು ಎಂದೆ.

ಕೂತು ಮಾತಾಡಲು ಒಂದು ಕೋಣೆ ಕೊಡಿ ಎಂದು ಆಡಳಿತಕ್ಕೆ ಮೂರು ಸಲ ಬರೆದಿದ್ದೇವೆ. ಫಾರ್ಮಿನಲ್ಲಿ ‘ಕೌನ್ಸೆಲಿಂಗ್ ಆಗಿದೆ’ ಎಂದು ಟಿಕ್ ಹಾಕಲು ಜಾಗವಿದೆ, ಮನುಷ್ಯರನ್ನು ಕೂರಿಸಲು ಇಲ್ಲ. ಆದರೆ ಕೋಣೆಯಿದ್ದರೂ ಅಂದು ನಾನು ಹಾಗೆಯೇ ಉತ್ತರಿಸುತ್ತಿದ್ದೆ. ಈಗ ಯಾರೇ ಕೇಳಲಿ, ಫೈಲ್ ತೆರೆದ ಮೇಲೆಯೇ ಬಾಯಿ ತೆರೆಯುತ್ತೇನೆ.

ಹೊಲ ಉಳಿಯಿತು. ವಾರಕ್ಕೊಮ್ಮೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಕೀಮೋ ಶುರುವಾಯಿತು. ಮೊದಲ ದಿನ ನಾನು ಪೋರ್ಟ್‌ಗೆ ಸೂಜಿ ಹಾಕುವಾಗ ಆ ತಾಯಿ ಕೇಳಿದರು: “ಹೊಲ ನನ್ನ ಹೆಸರಿನಲ್ಲಿದೆ, ಕಾಯಿಲೆಯೂ ನನ್ನದೇ. ನನ್ನನ್ನೇಕೆ ಯಾರೂ ಒಂದು ಮಾತು ಕೇಳಲಿಲ್ಲ, ತಂಗಿ?”