ಚೀಟಿಯಲ್ಲಿ 8.2

12 ಜುಲೈ 2025, ಶನಿವಾರ
ಚನ್ನರಾಯಪಟ್ಟಣ ತಾಲ್ಲೂಕು

ಪುನರ್ವಸು ಮಳೆ ಹಿಡಿದುಕೊಂಡಿದೆ. ಜೋರಾಗಿಯೂ ಬರುವುದಿಲ್ಲ, ಬಿಟ್ಟೂ ಹೋಗುವುದಿಲ್ಲ. ರಾಗಿ ಹೊಲಕ್ಕೆ ಒಳ್ಳೆಯದೇ. ಕೊಟ್ಟಿಗೆಯ ಪಾಡು ಮಾತ್ರ ಕೇಳಬೇಡಿ. ಎಷ್ಟು ಸಲ ಗುಡಿಸಿದರೂ ನೆಲ ಆರುವುದಿಲ್ಲ, ಗಂಜಲ ನಿಂತಲ್ಲೇ ನಿಂತಿರುತ್ತದೆ.

ಹಾಲು ಹಾಕಿದಾಗ ಡೈರಿಯಲ್ಲಿ ಟೆಸ್ಟ್ ಮಾಡಿ ಕೊಡುವ ಚೀಟಿಯಲ್ಲಿ ಈ ವಾರ ಎಸ್‌ಎನ್‌ಎಫ್ ಇಳಿಯುತ್ತಾ ಬಂತು. 8.5 ಇದ್ದದ್ದು 8.4 ಆಯಿತು, ಆಮೇಲೆ 8.3, ನಿನ್ನೆ ಸಂಜೆ 8.2. ಫ್ಯಾಟ್, ಅಂದರೆ ಜಿಡ್ಡು, ಮಾತ್ರ 3.8ರ ಹತ್ತಿರವೇ ಇದೆ. ಎಲ್ಲ ಶೇಕಡಾ ಲೆಕ್ಕ. ಹಸು ಕಟ್ಟದವರಿಗಾಗಿ ಒಂದು ಮಾತು: ಹಾಲಿನಲ್ಲಿ ನೀರು ಮತ್ತು ಜಿಡ್ಡು ತೆಗೆದರೆ ಉಳಿಯುವುದೇ ಎಸ್‌ಎನ್‌ಎಫ್. ಪ್ರೋಟೀನು, ಹಾಲಿನ ಸಕ್ಕರೆ, ಲವಣ ಎಲ್ಲ ಅದರಲ್ಲೇ ಬಂತು. ನಮಗೆ ದರ ಕಟ್ಟುವುದು 3.5 ಫ್ಯಾಟ್, 8.5 ಎಸ್‌ಎನ್‌ಎಫ್ ಲೆಕ್ಕದಲ್ಲಿ. ಅದಕ್ಕಿಂತ ಇಳಿದರೆ ಬಟವಾಡೆಯಲ್ಲಿ ಕಡಿತ.

ಅತ್ತೆ ಚೀಟಿ ನೋಡದೆಯೇ ತೀರ್ಪು ಕೊಟ್ಟರು. "ಮಳೆಗಾಲದ ಹಸಿ ಹುಲ್ಲು ಕಣವ್ವ. ಬರೀ ನೀರು. ಹಾಲೂ ನೀರಾಗ್ತದೆ."

ಅದು ಸುಳ್ಳೇನಲ್ಲ. ಎಳೆ ಹುಲ್ಲು ಜಾಸ್ತಿಯಾಗಿ ಒಣ ಹುಲ್ಲು ಕಮ್ಮಿಯಾದರೆ ಹಾಲು ತೆಳ್ಳಗಾಗುತ್ತದೆ. ಆದರೆ ಆಗ ಮೊದಲು ಬೀಳುವುದು ಫ್ಯಾಟ್, ಅಲ್ವಾ? ನಾರು ಕಮ್ಮಿಯಾದರೆ ಜಿಡ್ಡು ಕಮ್ಮಿ. ಇಲ್ಲಿ ಜಿಡ್ಡು ಹಾಗೇ ಇದೆ, ಉಳಿದದ್ದು ಇಳಿದಿದೆ. ಅದೂ ಅಲ್ಲದೆ ನಾವು ಹಸಿ ಹುಲ್ಲಿನ ಜೊತೆ ಒಣ ರಾಗಿ ಹುಲ್ಲು ಹಾಕುವುದನ್ನು ಬಿಟ್ಟಿಲ್ಲ, ಹಿಂಡಿಯೂ ಮೊದಲಿನಷ್ಟೇ.

ತೊಂದರೆ ಏನೆಂದರೆ ಚೀಟಿ ಬರುವುದು ಕ್ಯಾನಿಗೆ, ಹಸುವಿಗಲ್ಲ. ಮೂರು ಹಸುವಿನ ಹಾಲು ಒಂದೇ ಕ್ಯಾನಿನಲ್ಲಿ ಬೆರೆತು ಹೋಗಿರುತ್ತದೆ. ಯಾರದ್ದು ಕೆಟ್ಟಿದೆ ಅಂತ ಹೇಗೆ ಹೇಳುವುದು? ಇವತ್ತು ಬೆಳಿಗ್ಗೆ ಒಂದೊಂದು ಹಸುವಿನ ಹಾಲನ್ನೂ ಒಂದೊಂದು ಬಾಟಲಿಗೆ ಹಾಕಿ, ಮೇಲೆ ಹೆಸರು ಬರೆದು ತೆಗೆದುಕೊಂಡು ಹೋದೆ.

"ಎಲ್ಲರದ್ದೂ ಮುಗೀಲಿ ಅಕ್ಕ, ಆಮೇಲೆ ಹಾಕ್ಕೊಡ್ತೀನಿ" ಅಂದ ಟೆಸ್ಟರ್ ಹುಡುಗ. ಯಂತ್ರಕ್ಕೆ ಒಂದು ಚೂರು ಹಾಲು ಸಾಕು, ಎರಡು ನಿಮಿಷದ ಕೆಲಸ. ಗಂಗೆ 8.6. ಕೆಂಪಿ 8.5. ಗೌರಿ 7.7.

ಮೂರರಲ್ಲಿ ಜಾಸ್ತಿ ಹಾಲು ಕೊಡುವವಳು ಗೌರಿಯೇ. ಹಾಗಾಗಿ ಇಡೀ ಕ್ಯಾನನ್ನು ಅವಳೊಬ್ಬಳೇ ಎಳೆದು ಕೆಳಗಿಳಿಸಿದ್ದಾಳೆ. ಮೇವೇ ಕಾರಣವಾಗಿದ್ದರೆ ಮೂವರದ್ದೂ ಇಳಿಯಬೇಕಿತ್ತು.

ಗೌರಿಯನ್ನು ನೋಡಿದರೆ ಯಾರೂ ಕಾಯಿಲೆ ಅನ್ನುವುದಿಲ್ಲ. ಮೇವು ಬಿಟ್ಟಿಲ್ಲ, ಮೆಲುಕು ಹಾಕುತ್ತಾಳೆ, ಕೆಚ್ಚಲು ಮೆತ್ತಗಿದೆ, ಬಿಸಿಯಿಲ್ಲ. ಹಾಲಿನಲ್ಲಿ ಹೆಪ್ಪಿಲ್ಲ, ರಕ್ತವಿಲ್ಲ. ಮಧ್ಯಾಹ್ನ ಡಾಕ್ಟರ್ ಬಂದವರು ಕೈ ಇಟ್ಟು ನೋಡಿ, "ಹೊರಗೆ ಏನೂ ಇಲ್ಲ, ಒಳಗೆ ನೋಡೋಣ" ಅಂತ ಬ್ಯಾಗಿನಿಂದ ನಾಲ್ಕು ಗುಳಿಯ ಬಿಳಿ ಪ್ಲಾಸ್ಟಿಕ್ ತಟ್ಟೆ ತೆಗೆದರು.

ಒಂದೊಂದು ತೊಟ್ಟಿಗೆ ಒಂದೊಂದು ಗುಳಿ. ಮೊದಲ ಹಾಲನ್ನು ಬೇರೆ ಲೋಟಕ್ಕೆ ಹಿಂಡಿ ಬಿಟ್ಟರು. ಆಮೇಲೆ ಗುಳಿಗೆ ಎರಡೆರಡು ಸಲ ಹಿಂಡಿ, ತಟ್ಟೆ ವಾಲಿಸಿ ಜಾಸ್ತಿಯಾದದ್ದನ್ನು ಚೆಲ್ಲಿದರು. ಹಾಲು ಎಷ್ಟಿದೆಯೋ ಅಷ್ಟೇ ನೇರಳೆ ಬಣ್ಣದ ದ್ರಾವಣ ಹಾಕಿ ತಟ್ಟೆಯನ್ನು ಮೆಲ್ಲಗೆ ಸುತ್ತಿಸಿದರು. ಮುಂದಿನ ಎರಡು ಗುಳಿಯಲ್ಲಿ ನೀರಿನ ಹಾಗೇ ಆಡಿತು. ಹಿಂದಿನ ಬಲದ್ದು ಸ್ವಲ್ಪ ಮಂದವಾಯಿತು. ಹಿಂದಿನ ಎಡದ್ದು ಹತ್ತು ಸೆಕೆಂಡಿನಲ್ಲೇ ಲೋಳೆಯಾಗಿ ನಡುವೆ ಗುಡ್ಡೆ ಕಟ್ಟಿತು. ವಾಲಿಸಿದರೆ ಸುರಿಯಲಿಲ್ಲ, ಒಂದೇ ಮುದ್ದೆಯಾಗಿ ಜಾರಿತು. ಅತ್ತೆ ಬಗ್ಗಿ ನೋಡಿ, "ಅಯ್ಯೋ, ಇದನ್ನೇ ಕುಡೀತಿದ್ವಾ?" ಅಂದರು.

ಇದು ಒಳ ಕೆಚ್ಚಲು ಬಾವು. ರೋಗಾಣು ತೊಟ್ಟಿನ ತೂತಿನಿಂದ ಒಳಗೆ ಹೋದರೆ, ಹೋರಾಡಲು ಹಸುವಿನ ಬಿಳಿ ರಕ್ತಕಣಗಳು ಹಾಲಿಗೆ ನುಗ್ಗುತ್ತವೆ. ಆರೋಗ್ಯವಾಗಿರುವ ಕೆಚ್ಚಲಿನಲ್ಲಿ ಒಂದು ಎಂಎಲ್ ಹಾಲಿಗೆ ಎರಡು ಲಕ್ಷದೊಳಗೆ ಕಣಗಳಿರುತ್ತವೆ. ಬಾವಾದರೆ ಏರುತ್ತದೆ. ಆ ದ್ರಾವಣ ಕಣಗಳನ್ನು ಒಡೆಯುತ್ತದೆ, ಒಳಗಿನದ್ದು ಹೊರಬಂದು ಲೋಳೆಯಾಗುತ್ತದೆ. ಬಾವು ಬಂದ ಕೆಚ್ಚಲಿನಲ್ಲಿ ಹಾಲಿನ ಸಕ್ಕರೆ, ಪ್ರೋಟೀನು ಸರಿಯಾಗಿ ತಯಾರಾಗುವುದಿಲ್ಲ. ಅದಕ್ಕೇ ಎಸ್‌ಎನ್‌ಎಫ್ ಬಿದ್ದದ್ದು. ಹಸುವಿನ ಮೈಯಲ್ಲಿ ಏನೂ ಕಾಣದಿದ್ದಾಗ ಚೀಟಿಯಲ್ಲಿ ಕಂಡಿತ್ತು. ನಾವೆಲ್ಲ ಚೀಟಿಯನ್ನು ದುಡ್ಡಿನ ಲೆಕ್ಕಕ್ಕೆ ಮಾತ್ರ ನೋಡಿ ಮಡಚಿ ಇಡುತ್ತೇವೆ.

ದ್ರಾವಣ ಸಿಗದಿದ್ದರೆ ಬಟ್ಟೆ ಒಗೆಯುವ ಸೋಪಿನ ಪುಡಿಯೂ ಆಗುತ್ತದಂತೆ. ನೂರು ಎಂಎಲ್ ನೀರಿಗೆ ಮೂರು ಗ್ರಾಂ ಕಲಸಿ, ಹಾಲಿನಷ್ಟೇ ಹಾಕಿ ಸುತ್ತಿಸಬೇಕು. ಪರೀಕ್ಷೆ ಮಾಡಿದ ಹಾಲು ಚೆಲ್ಲಬೇಕು, ಕರುವಿಗೂ ಬೇಡ.

ಇಂಜೆಕ್ಷನ್ ಕೊಟ್ಟುಬಿಡ್ತಾರೆ ಅಂದುಕೊಂಡಿದ್ದೆ. ಕೊಡಲಿಲ್ಲ. ತೊಟ್ಟನ್ನು ಸ್ಪಿರಿಟ್‌ನಲ್ಲಿ ಒರೆಸಿ ಸಣ್ಣ ಸೀಸೆಗೆ ಹಾಲು ತೆಗೆದುಕೊಂಡರು, ಯಾವ ರೋಗಾಣು, ಯಾವ ಔಷಧಿಗೆ ಬಗ್ಗುತ್ತದೆ ಅಂತ ಲ್ಯಾಬಿನಲ್ಲಿ ನೋಡುವುದಕ್ಕೆ. ಅಲ್ಲಿಯವರೆಗೆ ಹಚ್ಚಲು ಹೇಳಿದ್ದು ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯವರೇ ಪ್ರಚಾರ ಮಾಡುವ ಮದ್ದು ಇದು. ಕೆಚ್ಚಲು ತೊಳೆದು, ಸ್ವಲ್ಪ ಸ್ವಲ್ಪ ನೀರು ಬೆರೆಸಿಕೊಂಡು, ದಿನಕ್ಕೆ ಹತ್ತು ಸಲ, ಐದು ದಿನ. ಅರಿಶಿನಕ್ಕೆ ಸುಣ್ಣ ಬಿದ್ದ ತಕ್ಷಣ ಆರತಿ ನೀರಿನ ಹಾಗೆ ಕೆಂಪಾಯಿತು. ಗೌರಿಯ ಕೆಚ್ಚಲು, ನನ್ನ ಕೈ, ಅತ್ತೆಯ ಸೀರೆ ಸೆರಗು ಎಲ್ಲ ಈಗ ಅದೇ ಬಣ್ಣ. ಅತ್ತೆಗೆ ಮಾತ್ರ ಖುಷಿ. ಇದನ್ನೂ ಓದು ಕಲಿತವರೇ ಹೇಳಿಕೊಡಬೇಕಾಯ್ತಾ ಅಂತ.

ಡಾಕ್ಟರ್ ಹೋಗುವಾಗ ಒಂದು ಎಚ್ಚರಿಕೆ ಹೇಳಿದರು: ಜ್ವರ ಬಂದರೆ, ಕೆಚ್ಚಲು ಕಲ್ಲಾದರೆ, ಹಾಲು ಒಡೆದು ಬಂದರೆ ಇದನ್ನೇ ಹಚ್ಚಿಕೊಂಡು ಕೂರಬೇಡಿ, ಫೋನ್ ಮಾಡಿ.

ನಮ್ಮ ಕಡೆ ಜನ ಕಾಯುವುದಿಲ್ಲ. ಮೆಡಿಕಲ್ ಶಾಪಿಗೆ ಹೋಗಿ ಆ್ಯಂಟಿಬಯಾಟಿಕ್ ಟ್ಯೂಬ್ ತಂದು ತೊಟ್ಟಿಗೆ ಏರಿಸಿ, ಸಂಜೆ ಹಾಲನ್ನು ಡೈರಿಗೆ ಹಾಕಿ ಬರುತ್ತಾರೆ. ಟ್ಯೂಬ್ ಹಾಕಿದ ತೊಟ್ಟಿನದ್ದು ಬಿಟ್ಟು ಉಳಿದ ಮೂರರದ್ದು ಹಾಕಿದ್ರಾಯ್ತು ಅನ್ನುವವರೂ ಇದ್ದಾರೆ. ಔಷಧಿ ರಕ್ತಕ್ಕೆ ಸೇರಿ ಉಳಿದ ತೊಟ್ಟುಗಳಿಗೂ ಬರುತ್ತದೆ. ಪೊಟ್ಟಣದ ಮೇಲೆ ಬರೆದಷ್ಟು ದಿನ ನಾಲ್ಕರದ್ದೂ ಚೆಲ್ಲಬೇಕು. ನಮ್ಮೂರಿನ ಹಾಲು ತಣ್ಣಗಿಡುವ ಟ್ಯಾಂಕಿಗೆ ಹೋಗಿ ಅಲ್ಲಿಂದ ಟ್ಯಾಂಕರ್ ಹತ್ತುತ್ತದೆ. ಹಾಸನ ಹಾಲು ಒಕ್ಕೂಟಕ್ಕೆ ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಯ ಹಾಲು ಸೇರುತ್ತದೆ. ಔಷಧಿ ಬೆರೆತ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗುವುದಿಲ್ಲ. ಹೆಪ್ಪಿನೊಳಗಿನ ಒಳ್ಳೆಯ ಸೂಕ್ಷ್ಮಾಣುವನ್ನೂ ಔಷಧಿ ಬಿಡುವುದಿಲ್ಲ.

2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ಊರಲ್ಲೆಲ್ಲ ಅದೇ ಮಾತು. ಗೌರಿಯ ಥರದ ಒಂದು ಹಸು ತಿಂಗಳುಗಟ್ಟಲೆ ಗೊತ್ತಾಗದೆ ನಿಂತರೆ ಆ ಏರಿಕೆ ಎಲ್ಲಿ ಹೋಯಿತು ಅಂತಲೇ ತಿಳಿಯುವುದಿಲ್ಲ. ಹಾಲೂ ಕಮ್ಮಿ, ದರವೂ ಕಮ್ಮಿ.

ಸಂಜೆಯಿಂದ ಹಾಲು ಕರೆಯುವ ಕ್ರಮ ಬದಲಾಯಿಸಿದ್ದೇವೆ. ಮೊದಲು ಗಂಗೆ, ಆಮೇಲೆ ಕೆಂಪಿ, ಕೊನೆಗೆ ಗೌರಿ. ಕೈಯಿಂದ ಕೈಗೆ ಅಂಟುವ ರೋಗಾಣುವಾಗಿದ್ದರೆ ಇಷ್ಟಾದರೂ ಮಾಡಬೇಕು. ಕರೆದಾದ ಮೇಲೆ ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುತ್ತೇವೆ. ಅದ್ದಿದ ತಕ್ಷಣ ಗೊಂತಿಗೆ ಮೇವು ಹಾಕುವುದು. ಕರೆದ ಮೇಲೆ ಅರ್ಧ ಗಂಟೆಗೂ ಜಾಸ್ತಿ ಹೊತ್ತು ತೊಟ್ಟಿನ ತೂತು ತೆರೆದಿರುತ್ತದೆ. ಮೇವಿದ್ದರೆ ಹಸು ನಿಂತು ತಿನ್ನುತ್ತದೆ, ಕೆಸರಿನಲ್ಲಿ ಮಲಗುವುದಿಲ್ಲ.

ಸಂಜೆ ಡೈರಿಯಲ್ಲಿ ಸೆಕ್ರೆಟರಿಯನ್ನು ಕೇಳಿದೆ: "ಅಣ್ಣ, ತಿಂಗಳಿಗೊಂದು ದಿನ ಹಸುವಿಗೊಂದು ಬಾಟಲಿ ತಂದರೆ ಎಲ್ಲರಿಗೂ ಟೆಸ್ಟ್ ಮಾಡಿಕೊಡಕ್ಕಾಗಲ್ವಾ?"

"ಮಾಡ್ಬೋದು. ಆದ್ರೆ ಅವತ್ತು ಕ್ಯೂ ರಸ್ತೆವರೆಗೆ ಬರ್ತದೆ. ಹುಡುಗನಿಗೆ ಎಕ್ಸ್‌ಟ್ರಾ ಏನಾದ್ರೂ ಕೊಡ್ಬೇಕು. ಕಮಿಟಿ ಒಪ್ಬೇಕಲ್ಲ."

ಸೆಪ್ಟೆಂಬರಿನಲ್ಲಿ ಡೈರಿಯ ಮಹಾಸಭೆ ಇದೆ. ಅರ್ಜಿ ಬರೆದಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಹಾಲು ಹಾಕಲು ಬಂದವರ ಸಹಿ ತೆಗೆದುಕೊಳ್ಳಬೇಕು. ಎದುರು ಮನೆ ಚಿಕ್ಕಮ್ಮ ಆಗಲೇ ಹಾಕಿದ್ದಾರೆ. ಅವರ ಚೀಟಿಯಲ್ಲಿ 8.1 ಅಂತೆ.