ವಿಮಾನವಿರುವಾಗ ಹಡಗೇಕೆ?

ಅಂಟಾರ್ಕ್ಟಿಕಾಕ್ಕೆ ಹೋಗಿ ಬಂದ ಮೇಲೆ ನನ್ನಲ್ಲಿ ಪೆಂಗ್ವಿನ್‌ಗಳ ಬಗ್ಗೆ ವಿಚಾರಿಸುವವರು ಕಡಿಮೆ. ಬದಿಯಡ್ಕ ಪೇಟೆಯಲ್ಲಿ ಸಿಕ್ಕವರಾಗಲಿ, ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತವರಾಗಲಿ ಕೇಳುವುದು ಒಂದನ್ನೇ: "ಅಲ್ಲ ಭಾವ, ಚಿಲಿಯಿಂದ ವಿಮಾನವೇ ಇದೆಯಂತಲ್ಲ? ಮತ್ತೇಕೆ ಎರಡು ದಿನ ಬರೀ ನೀರು ನೋಡುತ್ತಾ ಹೋದಿರಿ?"

ವಿಮಾನ ಇರುವುದು ನಿಜ. ಪುಂಟಾ ಅರೆನಾಸ್‌ನಿಂದ ಕಿಂಗ್ ಜಾರ್ಜ್ ದ್ವೀಪಕ್ಕೆ ಸುಮಾರು ಎರಡು ಗಂಟೆಯ ಹಾರಾಟ. ಆದರೂ ಇನ್ನೊಮ್ಮೆ ಅವಕಾಶ ಒದಗಿದರೆ ನಾನು ಅರ್ಜೆಂಟೀನಾದ ಉಶುವಾಯಾದಿಂದ ಹಡಗನ್ನೇ ಹತ್ತುತ್ತೇನೆ. ಅದಕ್ಕೆ ಕಾರಣ ಕಡಲಿನ ಆ ಮೊದಲ ದಿನ.

"ಕಾಸರಗೋಡಿನವರಿಗೆ ಕಡಲು ಹೊಸತೇ?" ಎಂದು ಕೆಲವರು ಬಾಲ ಸೇರಿಸುವುದುಂಟು. ಕೋಟಿಕುಳಂ, ಪಾಲಕುನ್ನು ಕಡೆಯವರನ್ನು ಹಾಗೆ ಕೇಳಿದರೆ ಒಪ್ಪೋಣ; ಅಲ್ಲಿ ಹಡಗಿನಲ್ಲಿ ದುಡಿದವರು ಬಹಳ ಮಂದಿ ಇದ್ದಾರೆ. ನಮ್ಮಂಥ ಅಡಿಕೆ ತೋಟದವರು ಕಡಲಿಗೆ ಬೆನ್ನು ಹಾಕಿಯೇ ಬದುಕಿದವರು. ಬೇಕಲದ ಕೋಟೆಯ ಮೇಲೆ ನಿಂತು ಅಲೆ ನೋಡಿದ್ದೇ ನಮ್ಮ ಸಮುದ್ರಯಾನ. ದಡದಲ್ಲಿ ಕಾಣುವುದು ಒಡೆಯುವ ಅಲೆ. ದಕ್ಷಿಣ ಅಮೆರಿಕ ಮತ್ತು ಅಂಟಾರ್ಕ್ಟಿಕಾದ ನಡುವಿನ ಡ್ರೇಕ್ ಜಲಸಂಧಿಯ ಅಲೆ ಒಡೆಯುವುದಕ್ಕೆ ಹೋಗುವುದಿಲ್ಲ. ಪಶ್ಚಿಮದಿಂದ ಉದ್ದಕ್ಕೆ ಉಬ್ಬಿಕೊಂಡು ಬಂದು, ಹಡಗನ್ನು ಇಡಿಯಾಗಿ ಎತ್ತಿ, ನಿಧಾನವಾಗಿ ಇಳಿಸುತ್ತದೆ. ಮತ್ತೆ ಎತ್ತುತ್ತದೆ. ಭೂಮಿಯ ಆ ಅಕ್ಷಾಂಶದಲ್ಲಿ ಗಾಳಿಯನ್ನು ತಡೆಯಲು ಒಂದು ಖಂಡವೂ ಅಡ್ಡ ಇಲ್ಲ. ಅಂಟಾರ್ಕ್ಟಿಕಾವನ್ನು ಸುತ್ತುವ ಸಾಗರ ಪ್ರವಾಹ ಕೇಪ್ ಹಾರ್ನ್ ಮತ್ತು ದಕ್ಷಿಣ ಶೆಟ್ಲೆಂಡ್ ದ್ವೀಪಗಳ ನಡುವಿನ ಸುಮಾರು 800 ಕಿಲೋಮೀಟರ್ ಅಗಲದ ಕಂಡಿಯಲ್ಲಿ ನುಗ್ಗಬೇಕು. ನೀರು ಸುಮ್ಮನಿರುವುದಾದರೂ ಹೇಗೆ?

ಹಿಂದಿನ ಸಂಜೆ ಉಶುವಾಯಾದಿಂದ ಹೊರಟು ಬೀಗಲ್ ಕಾಲುವೆಯಲ್ಲಿ ಸಾಗುವಾಗ ಇದರ ಸುಳಿವೇ ಇರಲಿಲ್ಲ. ಲೈಫ್ ಜಾಕೆಟ್ ತೊಟ್ಟು ಅಪಾಯದ ತಾಲೀಮು ಮುಗಿಸಿ, ಎರಡೂ ಕಡೆಯ ಹಿಮದ ಬೆಟ್ಟಗಳನ್ನು ನೋಡಿ ಮಲಗಿದ್ದೆವು. ರಾತ್ರಿ ತೆರೆದ ಕಡಲು ಸೇರಿದ್ದು ತಿಳಿದದ್ದು, ಕೋಣೆಯ ಚಪ್ಪಲಿಗಳು ಈ ಗೋಡೆಯಿಂದ ಆ ಗೋಡೆಗೆ ತಾವಾಗಿಯೇ ಓಡಾಡತೊಡಗಿದಾಗ. ಬೆಳಿಗ್ಗೆ ಓಣಿಯ ಹಿಡಿಕಂಬಿಗಳ ಹಿಂದೆ ವಾಂತಿಯ ಕಾಗದದ ಚೀಲಗಳನ್ನು ಸಾಲಾಗಿ ಸಿಕ್ಕಿಸಿದ್ದರು. ತಟ್ಟೆಗಳು ಜಾರದಿರಲೆಂದು ಊಟದ ಮೇಜುಬಟ್ಟೆಗಳನ್ನು ಒದ್ದೆ ಮಾಡಿ ಹಾಸಿದ್ದರು. ನನಗೂ ಹೊಟ್ಟೆ ತೊಳಸಿತು, ಮಧ್ಯಾಹ್ನದವರೆಗೆ. ಕೋಣೆ ಅಲುಗುತ್ತಿಲ್ಲ ಎಂದು ಕಣ್ಣು ಹೇಳುತ್ತದೆ, ಅಲುಗುತ್ತಿದೆ ಎಂದು ಒಳಕಿವಿ ಹೇಳುತ್ತದೆ. ಇವೆರಡರ ಜಗಳದಲ್ಲಿ ಸೋಲುವುದು ಹೊಟ್ಟೆ. ಹೊರಗೆ ಬಂದು ದಿಗಂತ ನೋಡುತ್ತಾ ನಿಂತರೆ ರಾಜಿಯಾಗುತ್ತದೆ.

ಆದರೆ ಯಾರನ್ನೂ ಮಲಗಲು ಬಿಡುವುದಿಲ್ಲ. ಆ ದಿನದ ದೊಡ್ಡ ಕೆಲಸ ಸ್ವಚ್ಛತೆಯದು. ದಡದಲ್ಲಿ ತೊಡುವ ಜಾಕೆಟ್, ಪ್ಯಾಂಟು, ಚೀಲ, ಕ್ಯಾಮೆರಾದ ಸ್ಟ್ಯಾಂಡ್ ಎಲ್ಲವನ್ನೂ ಹೊತ್ತು ಸಾಲಿನಲ್ಲಿ ನಿಂತೆವು. ಒಬ್ಬಳು ಹುಡುಗಿ ನನ್ನ ಚೀಲದ ಅಂಟುಪಟ್ಟಿಯನ್ನು (ವೆಲ್ಕ್ರೋ) ಬಿಡಿಸಿ, ದೀಪದ ಕೆಳಗೆ ಹಿಡಿದು, ಚಿಮುಟದಿಂದ ಒಂದೊಂದೇ ಹುಲ್ಲಿನ ಬೀಜವನ್ನು ಹೆಕ್ಕಿದಳು. ನಮ್ಮ ಕಡೆಯ ಪೊಸಡಿ ಗುಂಪೆ ಗುಡ್ಡದ ಮುಳಿಹುಲ್ಲಿನದೇ ಇರಬೇಕು. ಸ್ಟ್ಯಾಂಡಿನ ರಬ್ಬರ್ ಪಾದದ ಸಂದಿನಲ್ಲಿ ಕೆಂಪಗೆ ಏನೋ ಮೆತ್ತಿಕೊಂಡಿತ್ತು. ಸೂಜಿಯಿಂದ ಕೆದಕಿ ಕಾಗದದ ಮೇಲೆ ಉದುರಿಸಿದಳು: ನಮ್ಮೂರಿನ ಮುರಕಲ್ಲಿನ ಪುಡಿ! ಆಮೇಲೆ ವ್ಯಾಕ್ಯೂಮ್, ಆಮೇಲೆ ನನ್ನಿಂದ ಸಹಿ.

ಇದು ಅತಿಯಾಯಿತು ಎಂದು ಸಾಲಿನಲ್ಲಿದ್ದ ಕೆಲವರು ಗೊಣಗಿದರು. ಹಳದಿ ಎಲೆ ರೋಗ ಒಂದು ತೋಟದಿಂದ ಇನ್ನೊಂದಕ್ಕೆ ದಾಟುವುದನ್ನು ಕಂಡ ಯಾವ ಕೃಷಿಕನೂ ಹಾಗೆ ಗೊಣಗಲಾರ. ಅಂಟಾರ್ಕ್ಟಿಕಾದಲ್ಲಿ ಸಹಜವಾಗಿ ಬೆಳೆಯುವ ಹೂಬಿಡುವ ಸಸ್ಯಗಳು ಎರಡೇ. ಪೋವಾ ಆನುವಾ ಎಂಬ ಹೊರಗಿನ ಹುಲ್ಲು 1985-86ರಲ್ಲಿ ಕಿಂಗ್ ಜಾರ್ಜ್ ದ್ವೀಪದ ಪೋಲೆಂಡ್ ಸಂಶೋಧನಾ ಕೇಂದ್ರದ ಬಳಿ ಕಾಣಿಸಿಕೊಂಡು ಅಲ್ಲೇ ಬೇರುಬಿಟ್ಟಿತು. ಕಿತ್ತು ತೆಗೆಯುವುದಕ್ಕೆ ವಿಜ್ಞಾನಿಗಳೇ ಮೊಣಕಾಲೂರಬೇಕಾಯಿತು. ಈಗ ಹಕ್ಕಿಜ್ವರದ ಭಯವೂ ಸೇರಿದೆ. ಎಚ್5ಎನ್1 ವೈರಾಣು 2023ರಲ್ಲಿ ದಕ್ಷಿಣ ಜಾರ್ಜಿಯಾ ದ್ವೀಪಕ್ಕೆ, 2024ರಲ್ಲಿ ಅಂಟಾರ್ಕ್ಟಿಕಾದ ಮುಖ್ಯ ನೆಲಕ್ಕೆ ತಲುಪಿತು. ಹಾಗಾಗಿ ದಡದಲ್ಲಿ ಕುಳಿತುಕೊಳ್ಳುವಂತಿಲ್ಲ, ಚೀಲವನ್ನು ನೆಲದಲ್ಲಿಡುವಂತಿಲ್ಲ, ಪ್ರತಿ ಬಾರಿಯೂ ಬೂಟನ್ನು ಔಷಧದ ನೀರಿನಲ್ಲಿ ಅದ್ದಬೇಕು. ಪೆಂಗ್ವಿನ್‌ನಿಂದ ಐದು ಮೀಟರ್ ದೂರ, ಒಂದು ಜಾಗದಲ್ಲಿ ಏಕಕಾಲಕ್ಕೆ ನೂರಕ್ಕಿಂತ ಹೆಚ್ಚು ಪ್ರವಾಸಿಗರು ಸಲ್ಲದು, ತಿಂಡಿಯಂತೂ ಇಲ್ಲವೇ ಇಲ್ಲ. ಈ ಪಾಠ ಕೇಳದವರು ದೋಣಿಗೆ ಇಳಿಯುವಂತಿಲ್ಲ. ವಿಮಾನದಲ್ಲಿ ಬಂದವರಿಗೂ ಇದೇ ನಿಯಮ, ಆದರೆ ಅವರು ಅವಸರದಲ್ಲಿ ಮುಗಿಸಬೇಕು. ನಮಗೆ ಇಡೀ ದಿನವಿತ್ತು.

ಉಳಿದ ಹೊತ್ತು ಹಿಂದಿನ ಡೆಕ್ಕಿನಲ್ಲಿ ಕಳೆಯಿತು. ಅಲೆಮಾರಿ ಆಲ್ಬಟ್ರಾಸ್ ಎಂಬ ಕಡಲಹಕ್ಕಿಯೊಂದು ನಮ್ಮ ಹಡಗಿನ ಬೆನ್ನು ಹಿಡಿದಿತ್ತು. ಇವುಗಳ ರೆಕ್ಕೆಯ ಹರವು ಮೂರೂವರೆ ಮೀಟರಿನವರೆಗೂ ಇರುತ್ತದೆ. ಗಡಿಯಾರ ನೋಡದೆ ನಿಂತಿದ್ದೆ. ಅಷ್ಟು ಹೊತ್ತಿನಲ್ಲಿ ಅದು ರೆಕ್ಕೆ ಬಡಿದದ್ದನ್ನು ನಾನು ಕಾಣಲಿಲ್ಲ. ನೀರಿನ ಹತ್ತಿರ ಗಾಳಿ ಮಂದ, ಮೇಲೆ ಬಿರುಸು. ಎದುರುಗಾಳಿಗೆ ಏರಿ, ಹೊರಳಿ, ಗಾಳಿಯ ಜೊತೆಗೆ ಜಾರಿ, ರೆಕ್ಕೆಯ ತುದಿ ಅಲೆಗೆ ತಾಗಿತೋ ಎನ್ನುವಾಗ ಮತ್ತೆ ಏರುತ್ತದೆ. ಭುಜದ ಒಂದು ಸ್ನಾಯುರಜ್ಜು ರೆಕ್ಕೆಯನ್ನು ಚಾಚಿದಂತೆಯೇ ಹಿಡಿದಿಡುವುದರಿಂದ ಅದಕ್ಕೆ ದಣಿವಿಲ್ಲ. ಒಮ್ಮೆ ಅದು ನಾನು ನಿಂತ ಕಂಬಿಯ ಮಟ್ಟಕ್ಕೇ ಬಂದು, ಕತ್ತು ತಿರುಗಿಸಿ ಹಡಗನ್ನು ನೋಡಿತು. ವಿಮಾನದ ಕಿಟಕಿಯಿಂದ ಇದು ಕಾಣುವುದಿಲ್ಲ ಭಾವ.

ರಜೆಯೇ ಇಲ್ಲದವರು ವಿಮಾನದಲ್ಲಿ ಹೋಗಲಿ, ನನ್ನ ತಕರಾರಿಲ್ಲ. ದ್ವೀಪದಲ್ಲಿ ಮಂಜು ಕವಿದರೆ ಪುಂಟಾ ಅರೆನಾಸ್‌ನಲ್ಲೇ ಕಾಯಬೇಕಾದೀತು, ಅಷ್ಟೇ. ಹಡಗು ಹತ್ತುವವರು ಕೆಳಗಿನ ಅಂತಸ್ತಿನ ನಡುಭಾಗದ ಕೋಣೆ ಕೇಳಿ. ಓಲಾಟ ಕಡಿಮೆ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ವೈದ್ಯರನ್ನು ಕೇಳಿ ತಂದ ಮಾತ್ರೆಯನ್ನು ಬೀಗಲ್ ಕಾಲುವೆ ದಾಟುವ ಮೊದಲೇ ನುಂಗಿ. ವಾಂತಿ ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.